ಯಂತ್ರದ ಮುಂದೆ ನಿಲ್ಲುವ ಮೊದಲು: ಯುವಜನರನ್ನು ಕಾರ್ಖಾನೆ ಕೆಲಸಕ್ಕೆ ಸಜ್ಜುಗೊಳಿಸುವವರಿಗೆ ಸಮಗ್ರ ಮಾರ್ಗದರ್ಶಿ

"ಅಲ್ಲಿ ದಿನಾ ಏನು ಮಾಡ್ಬೇಕು?"

ಕಾರ್ಖಾನೆ ಕೆಲಸದ ಮಾತೆತ್ತಿದಾಗ ಹುಡುಗ ಹುಡುಗಿಯರು ಕೇಳುವ ಮೊದಲ ಪ್ರಶ್ನೆ ಹೆಚ್ಚಾಗಿ ಇದೇ. ಸಂಬಳದ ಪ್ರಶ್ನೆ ಆಮೇಲೆ ಬರುತ್ತದೆ. ಮಾರ್ಗದರ್ಶನ ಶುರುಮಾಡಿದ ಹೊಸದರಲ್ಲಿ ಈ ಪ್ರಶ್ನೆಗೆ ನಾನು ತಡವರಿಸುತ್ತಿದ್ದೆ. ರೆಸ್ಯೂಮೆ ತಿದ್ದಲು, ಸಂದರ್ಶನಕ್ಕೆ ಧೈರ್ಯ ತುಂಬಲು ಗೊತ್ತಿತ್ತು. ಒಬ್ಬ ಮಷಿನ್ ಆಪರೇಟರ್ ಪಾಳಿಗೆ ಬಂದ ಮೊದಲ ಹತ್ತು ನಿಮಿಷ ಏನು ಮಾಡುತ್ತಾರೆ ಎನ್ನುವುದು ಗೊತ್ತಿರಲಿಲ್ಲ. ಆ ಹತ್ತು ನಿಮಿಷ ಗೊತ್ತಿಲ್ಲದವರು ಕಾರ್ಖಾನೆ ಕೆಲಸಕ್ಕೆ ಯಾರನ್ನೂ ಸಿದ್ಧಪಡಿಸಲಾರರು ಎಂಬುದು ಈಗ ನನ್ನ ಗಟ್ಟಿ ನಂಬಿಕೆ.

1940ರಲ್ಲಿ ಅಮೆರಿಕದಲ್ಲಿ 'ಟ್ರೇನಿಂಗ್ ವಿದಿನ್ ಇಂಡಸ್ಟ್ರಿ' ಎಂಬ ಸರ್ಕಾರಿ ಕಾರ್ಯಕ್ರಮ ಶುರುವಾಯಿತು. ಯುದ್ಧಕಾಲದಲ್ಲಿ, ಯಂತ್ರವನ್ನೇ ಮುಟ್ಟದ ಲಕ್ಷಾಂತರ ಜನರಿಗೆ ಬೇಗ ಕೆಲಸ ಕಲಿಸಬೇಕಿತ್ತು. ಯುದ್ಧ ಮುಗಿದ ಮೇಲೆ ಅದೇ ಪದ್ಧತಿ ಜಪಾನಿಗೂ ಹೋಗಿ ಅಲ್ಲಿನ ಕಾರ್ಖಾನೆಗಳಲ್ಲಿ ಬೇರೂರಿತು. ಅದರಲ್ಲಿ ಕೆಲಸ ಕಲಿಸಲು ನಾಲ್ಕೇ ಹೆಜ್ಜೆ: ಕಲಿಯುವವರನ್ನು ಅಣಿಗೊಳಿಸು, ಮಾಡಿ ತೋರಿಸು, ಅವರ ಕೈಯಲ್ಲೇ ಮಾಡಿಸು, ಆಮೇಲೂ ಬೆನ್ನಿಗಿರು. ಕಲಿಯುವವರು ಕಲಿತಿಲ್ಲ ಎಂದರೆ ಕಲಿಸುವವರು ಕಲಿಸಿಲ್ಲ ಎಂಬುದು ಅದರ ತಿರುಳು. ನಮ್ಮಲ್ಲಿ ಬಹುತೇಕ ವೃತ್ತಿ ಮಾರ್ಗದರ್ಶನ ಮೊದಲ ಹೆಜ್ಜೆಗೇ ನಿಂತುಬಿಡುತ್ತದೆ. ಮಾತಾಡುತ್ತೇವೆ, ಹುರಿದುಂಬಿಸುತ್ತೇವೆ, ಕಳಿಸಿಬಿಡುತ್ತೇವೆ. ಉಳಿದ ಮೂರು ಹೆಜ್ಜೆಗಳನ್ನು ಇಡುವುದು ಹೇಗೆ ಎಂಬುದಕ್ಕೇ ಈ ಬರಹ.

ಹಂತ 1: ಮೊದಲು ನೀವು ಒಂದು ಪಾಳಿ ನಿಂತು ಬನ್ನಿ

ಅತಿಥಿಯಾಗಿ ಅರ್ಧ ಗಂಟೆ ಸುತ್ತಿ ಬಂದರೆ ಏನೂ ತಿಳಿಯುವುದಿಲ್ಲ. ಸುತ್ತುವ ದಾರಿಯನ್ನು ಅವರು ಗುಡಿಸಿಟ್ಟಿರುತ್ತಾರೆ. ಅನುಮತಿ ಕೇಳಿ ಪೂರ್ತಿ ಎಂಟು ಗಂಟೆ ಒಂದೇ ಜಾಗದಲ್ಲಿ ನಿಲ್ಲಿ. ಕೂರಬೇಡಿ, ಏಕೆಂದರೆ ನೀವು ಕಳಿಸುವ ಹುಡುಗಿಗೂ ಅಲ್ಲಿ ಕುರ್ಚಿ ಇರುವುದಿಲ್ಲ.

ಪುಸ್ತಕದಲ್ಲಿ ಇಷ್ಟನ್ನು ಬರೆದುಕೊಳ್ಳಿ. ಹಿಂದಿನ ಪಾಳಿಯವರು ಹೊಸ ಪಾಳಿಯವರಿಗೆ ಏನೇನು ಹೇಳಿ ಹೋದರು? ಮೊದಲ ತುಂಡನ್ನು ಯಾರು ಅಳೆದರು, ಯಾರು ಒಪ್ಪಿಗೆ ಕೊಟ್ಟರು? ಒಂದೇ ಚಲನೆಯನ್ನು ಒಬ್ಬರು ಗಂಟೆಗೆ ಎಷ್ಟು ಸಲ ಮಾಡಿದರು? ಯಂತ್ರ ನಿಂತಾಗ ಯಾರನ್ನು ಕರೆದರು, ಅವರು ಬರುವವರೆಗೆ ಆಪರೇಟರ್ ಏನು ಮಾಡುತ್ತಿದ್ದರು? ಸದ್ದು ಎಷ್ಟಿತ್ತು? ಒಂದು ತೋಳಿನಷ್ಟು ದೂರ ನಿಂತವರ ಜೊತೆ ಮಾತಾಡಲು ದನಿ ಏರಿಸಬೇಕಾದರೆ ಅಲ್ಲಿ ಸದ್ದು ಸುಮಾರು 85 ಡೆಸಿಬೆಲ್ ದಾಟಿದೆ ಎಂದುಕೊಳ್ಳಿ. ಎಂಟು ಗಂಟೆಯ ಕೆಲಸಕ್ಕೆ ವ್ಯಾಪಕವಾಗಿ ಬಳಸುವ ಸುರಕ್ಷತಾ ಮಿತಿ ಅದೇ, ಅದಕ್ಕಿಂತ ಹೆಚ್ಚಿದ್ದರೆ ಕಿವಿರಕ್ಷೆ ಬೇಕೇ ಬೇಕು.

ಹೊರಡುವ ಮುನ್ನ ಲೈನ್ ಸೂಪರ್‌ವೈಸರ್‌ರನ್ನು ಒಂದು ಪ್ರಶ್ನೆ ಕೇಳಿ: "ಕೊನೆಗೆ ಬಿಟ್ಟುಹೋದ ಮೂವರು ಹೊಸಬರು ಯಾಕೆ ಹೋದರು?" ಮಾನವ ಸಂಪನ್ಮೂಲ ವಿಭಾಗದವರಿಗಿಂತ ಈ ಪ್ರಶ್ನೆಗೆ ಸೂಪರ್‌ವೈಸರ್ ಸರಿಯಾದ ಉತ್ತರ ಕೊಡುತ್ತಾರೆ. ಕೌಶಲ ಸಾಲದೆ ಹೋದರು ಎಂಬ ಉತ್ತರ ನನಗೆ ಸಿಕ್ಕಿದ್ದು ಕಡಿಮೆ. ರಾತ್ರಿಪಾಳಿ ತಡೆಯಲಿಲ್ಲ, ಏನು ಕೇಳಲೂ ಹೆದರುತ್ತಿದ್ದರು, ಕೆಲಸ ಹೀಗಿರುತ್ತದೆ ಅಂತ ಯಾರೂ ಹೇಳಿರಲಿಲ್ಲವಂತೆ, ಇಂಥವೇ ಹೆಚ್ಚು. ಈ ಮೂರೂ ನಮ್ಮ ಕೆಲಸದ ವ್ಯಾಪ್ತಿಗೇ ಬರುತ್ತವೆ.

ಒಂದೇ ಕಾರ್ಖಾನೆ ನೋಡಿ ತೀರ್ಮಾನಕ್ಕೆ ಬರಬೇಡಿ. ಲೋಹ ಕಡಿಯುವ ಮಷಿನ್ ಶಾಪ್ ಬೇರೆ, ಎಲೆಕ್ಟ್ರಾನಿಕ್ಸ್ ಜೋಡಣೆ ಬೇರೆ, ಕವಾಟ ಮತ್ತು ಪೈಪುಗಳ ನಡುವೆ ಪರದೆ ನೋಡುತ್ತ ಕೂರುವ ರಾಸಾಯನಿಕ ಘಟಕ ಬೇರೆ, ತಲೆಯಿಂದ ಕಾಲಿನವರೆಗೆ ಮುಚ್ಚಿಕೊಂಡು ಹೋಗಬೇಕಾದ ಕ್ಲೀನ್ ರೂಮ್ ಬೇರೆ. ಒಂದೇ ಆವರಣದೊಳಗೂ ಉತ್ಪಾದನೆ, ನಿರ್ವಹಣೆ, ಗುಣಮಟ್ಟ, ಸ್ಟೋರ್ಸ್, ಪ್ಲಾನಿಂಗ್ ಎಲ್ಲದಕ್ಕೂ ಬೇರೆ ಬೇರೆ ಸ್ವಭಾವದ ಮನುಷ್ಯರು ಬೇಕು.

ಹಂತ 2: ಗುರಿ ಕೇಳಬೇಡಿ, ಕೈಯ ಕಥೆ ಕೇಳಿ

"ಐದು ವರ್ಷದಲ್ಲಿ ನಿನ್ನನ್ನು ಎಲ್ಲಿ ನೋಡಿಕೊಳ್ಳುತ್ತೀಯ?" ಎಂದು ಹತ್ತೊಂಬತ್ತರ ಹುಡುಗನನ್ನು ಕೇಳಿದರೆ ಬಾಯಿಪಾಠದ ಉತ್ತರ ಬರುತ್ತದೆ. ಬದಲಿಗೆ ಹೀಗೆ ಕೇಳಿ: ಮನೆಯಲ್ಲಿ ಏನಾದರೂ ಕೆಟ್ಟರೆ ಮೊದಲು ಬಿಚ್ಚುವವರು ಯಾರು? ನೀನು ಬಿಚ್ಚಿದ್ದು ಮತ್ತೆ ಕೂಡಿಸಲು ಬಂತೇ? ಯಾವ ಕೆಲಸ ಮಾಡುವಾಗ ಹೊತ್ತು ಹೋದದ್ದೇ ತಿಳಿಯಲಿಲ್ಲ? ಒಂದೇ ಕೆಲಸ ನೂರು ಸಲ ಮಾಡಿದ್ದೀಯಾ, ಆಗ ಏನನ್ನಿಸಿತು? ರಾತ್ರಿ ಎದ್ದಿರುವ ಸ್ವಭಾವವೋ, ಬೇಗ ಮಲಗುವ ಸ್ವಭಾವವೋ?

ಈ ಉತ್ತರಗಳಲ್ಲಿ ದಾರಿ ಕಾಣುತ್ತದೆ. ಯಾಕೆ ಕೆಟ್ಟಿತು ಎಂದು ತಲೆ ಕೆಡಿಸಿಕೊಳ್ಳುವವರಿಗೆ ನಿರ್ವಹಣಾ ವಿಭಾಗ ಒಗ್ಗುತ್ತದೆ. ಚಿಕ್ಕ ವ್ಯತ್ಯಾಸವೂ ಕಣ್ಣಿಗೆ ಚುಚ್ಚುವವರು ಗುಣಮಟ್ಟಕ್ಕೆ ಸಲ್ಲುತ್ತಾರೆ. ಲಯಕ್ಕೆ ಬಿದ್ದು ನೆಮ್ಮದಿಯಿಂದ ದುಡಿಯುವವರಿಗೆ ಜೋಡಣೆಯ ಲೈನ್ ಶಿಕ್ಷೆಯಲ್ಲ, ಹಿತ. ಇದನ್ನು ಲೆಕ್ಕಿಸದೆ ಎಲ್ಲರನ್ನೂ ಒಂದೇ ಕೋರ್ಸಿಗೆ ತಳ್ಳಿದರೆ ಎತ್ತು ಏರಿಗೆ, ಕೋಣ ನೀರಿಗೆ ಎಳೆದ ಹಾಗಾಗುತ್ತದೆ.

ಆರೋಗ್ಯದ ಮಾತನ್ನು ಮುಜುಗರವಿಲ್ಲದೆ, ಆದರೆ ಏಕಾಂತದಲ್ಲಿ ಆಡಿ. ಬಣ್ಣ ಗುರುತಿಸುವ ತೊಂದರೆ ಇರುವವರಿಗೆ ತಂತಿ ಜೋಡಿಸುವ ಕೆಲಸ ಕಷ್ಟ, ಲೋಹವನ್ನು ತಿರುಗಿಸಿ ಕಡಿಯುವ ಲೇತ್ ಯಂತ್ರದ ಕೆಲಸಕ್ಕೆ ಅದು ಅಷ್ಟು ಅಡ್ಡಿಯಲ್ಲ. ಕಡಿಯುವಾಗ ತಂಪಾಗಿಸಲು ಸುರಿಯುವ ಕೂಲಂಟ್ ಎಣ್ಣೆ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಸೊಂಟದ ಹಳೆಯ ನೋವಿದ್ದರೆ ಭಾರ ಎತ್ತುವ ಕಡೆಗೆ ಕಳಿಸಬಾರದು. ಯಾರನ್ನೂ ಹೊರಗಿಡಲು ಇದನ್ನು ಬಳಸಬೇಡಿ. ಯಾರಿಗೆ ಯಾವ ಜಾಗ ಹೊಂದುತ್ತದೆ ಎಂದು ತಿಳಿಯಲಷ್ಟೇ ಇದು ಬೇಕು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು. "ಓದು ಹತ್ತದವರಿಗೆ ಕಾರ್ಖಾನೆ" ಎಂಬ ಮಾತನ್ನು ನಿಮ್ಮ ಬಾಯಿಂದ ಶಾಶ್ವತವಾಗಿ ತೆಗೆದುಹಾಕಿ. ಆ ಮಾತು ಕೇಳಿಸಿಕೊಂಡು ಬಂದವರು ಮೊದಲ ದಿನವೇ ಸೋತವರಂತೆ ಒಳಗೆ ಕಾಲಿಡುತ್ತಾರೆ. ಜಪಾನಿನ ಎಂಜಿನಿಯರ್ ಶಿಗೆಯೊ ಶಿಂಗೊ ತಪ್ಪಾಗದಂತೆ ತಡೆಯುವ ವಿಧಾನಗಳನ್ನು ಹುಡುಕುತ್ತಿದ್ದಾಗ ಅದಕ್ಕೆ ಮೊದಲು 'ಬಾಕಾ-ಯೋಕೆ' ಎನ್ನುತ್ತಿದ್ದರು. ದಡ್ಡರಿಂದ ರಕ್ಷಣೆ ಎಂಬ ಅರ್ಥ. ಆ ಹೆಸರು ಕೇಳಿ ಒಬ್ಬ ಕಾರ್ಮಿಕ ಮಹಿಳೆ ನೊಂದು ಅತ್ತ ಮೇಲೆ ಅವರು ಅದನ್ನು 'ಪೋಕಾ-ಯೋಕೆ' ಎಂದು ಬದಲಿಸಿದರು. ಅಂದರೆ ಅಚಾತುರ್ಯದಿಂದ ರಕ್ಷಣೆ. ತಪ್ಪು ಕೆಲಸದ ವ್ಯವಸ್ಥೆಯಲ್ಲಿದೆ, ಮನುಷ್ಯರಲ್ಲಲ್ಲ ಎಂಬ ತಿಳಿವಳಿಕೆ ಆ ಒಂದು ಪದ ಬದಲಾದದ್ದರಲ್ಲಿದೆ.

ಹೆಣ್ಣುಮಕ್ಕಳ ಬಗ್ಗೆಯೂ ಅಷ್ಟೇ. "ಹುಡುಗಿಯರಿಗೆ ಪ್ಯಾಕಿಂಗ್ ಸಾಕು" ಎಂದು ನೀವೇ ಬಾಗಿಲು ಮುಚ್ಚಬೇಡಿ. ಕಂಪ್ಯೂಟರ್ ಆದೇಶದಂತೆ ನಡೆಯುವ ಸಿಎನ್‌ಸಿ ಯಂತ್ರಕ್ಕೆ, ವೆಲ್ಡಿಂಗ್ ಟಾರ್ಚಿಗೆ, ಅಳತೆಯ ಉಪಕರಣಕ್ಕೆ ಯಾರ ಕೈ ಎಂಬುದು ಗೊತ್ತಾಗುವುದಿಲ್ಲ.

ಹಂತ 3: ತೀರ್ಮಾನಕ್ಕೆ ಮುನ್ನ ಕೈ ಆಡಿಸಲಿ

ಎರಡು ಮೂರು ದಿನ ಸಾಕು. ಒಂದು ಮೇಜು, ಬೋಲ್ಟು, ನಟ್ಟು, ವಾಷರ್‌ಗಳ ರಾಶಿ, ಒಂದು ಡ್ರಾಯಿಂಗ್ ಹಾಳೆ ಕೊಡಿ. ಹಾಳೆಯಲ್ಲಿ ಹೇಳಿದ ಕ್ರಮದಲ್ಲೇ ನೂರು ಜೋಡಿ ಕೂಡಿಸಲು ಹೇಳಿ. ಮೊದಲ ಇಪ್ಪತ್ತನ್ನು ಎಲ್ಲರೂ ಚೆನ್ನಾಗಿ ಮಾಡುತ್ತಾರೆ. ನೀವು ನೋಡಬೇಕಾದದ್ದು ಎಂಬತ್ತನೆಯದನ್ನು. ಆಗಲೂ ವಾಷರ್ ತಪ್ಪದೆ ಬಿದ್ದಿದೆಯೇ? ಬೇಸರ ಬಂದಾಗ ವೇಗ ಹೆಚ್ಚಾಯಿತೇ, ಗಮನ ಕಡಿಮೆಯಾಯಿತೇ? ತಪ್ಪಾದದ್ದು ಗೊತ್ತಾದಾಗ ತಾನಾಗಿ ಹೇಳಿದರೇ, ರಾಶಿಯೊಳಗೆ ಸೇರಿಸಿಬಿಟ್ಟರೇ?

ತಾನಾಗಿ ಹೇಳಿದವರನ್ನು ಎಲ್ಲರ ಮುಂದೆ ಮೆಚ್ಚಿಕೊಳ್ಳಿ. ಕಾರ್ಖಾನೆಯಲ್ಲಿ ಇದಕ್ಕಿಂತ ಬೆಲೆಬಾಳುವ ಗುಣ ಮತ್ತೊಂದಿಲ್ಲ.

ನಂತರ ಅದೇ ಮೇಜಿನ ಮೇಲೆ ಕೇಳಿ: ವಾಷರ್ ಮರೆಯದಂತೆ ಈ ಕೆಲಸವನ್ನು ಹೇಗೆ ಬದಲಿಸಬಹುದು? ಶಿಂಗೊ ಅವರ ಪ್ರಸಿದ್ಧ ಉದಾಹರಣೆ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಒಂದು ಸಣ್ಣ ಸ್ವಿಚ್ಚಿಗೆ ಎರಡು ಸ್ಪ್ರಿಂಗ್ ಹಾಕಬೇಕಿತ್ತು, ಆಗಾಗ ಒಂದು ಮರೆತುಹೋಗುತ್ತಿತ್ತು. ಡಬ್ಬದಿಂದ ನೇರವಾಗಿ ತೆಗೆದು ಹಾಕುವ ಬದಲು, ಪ್ರತಿ ಸಲವೂ ಮೊದಲು ಎರಡು ಸ್ಪ್ರಿಂಗನ್ನು ಒಂದು ಪುಟ್ಟ ತಟ್ಟೆಯಲ್ಲಿಡುವಂತೆ ಮಾಡಿದರು. ಕೆಲಸ ಮುಗಿದ ಮೇಲೆ ತಟ್ಟೆಯಲ್ಲಿ ಒಂದು ಉಳಿದಿದ್ದರೆ ಮರೆತದ್ದು ಅಲ್ಲೇ ಕಣ್ಣಿಗೆ ಬೀಳುತ್ತದೆ. ಇಷ್ಟೇ ಉಪಾಯ. ಇದನ್ನು ಕೇಳಿದ ಮೇಲೆ ಹುಡುಗರು ತಮ್ಮದೇ ಉಪಾಯಗಳನ್ನು ಹೇಳಲು ಶುರುಮಾಡುತ್ತಾರೆ. ತಲೆಯನ್ನು ಗೇಟಿನ ಹೊರಗೆ ಬಿಟ್ಟು ಒಳಗೆ ಹೋಗುವ ಕೆಲಸ ಇದಲ್ಲ ಎಂದು ಆಗ ಅವರಿಗೇ ಗೊತ್ತಾಗುತ್ತದೆ.

ಹಂತ 4: ಅಳತೆ

ನನ್ನ ಮಟ್ಟಿಗೆ ಇಡೀ ಸಿದ್ಧತೆಯ ಹೃದಯ ಇದು. ಸಮಯ ಕಡಿಮೆಯಿದ್ದರೆ ಬೇರೆ ಏನನ್ನಾದರೂ ಬಿಡಿ, ಇದನ್ನು ಬಿಡಬೇಡಿ.

ಉದ್ದ, ದಪ್ಪ ಅಳೆಯುವ ವರ್ನಿಯರ್ ಕ್ಯಾಲಿಪರ್‌ನಿಂದ ಶುರುಮಾಡಿ. ಡಿಜಿಟಲ್ ಬೇಡ, ಗೆರೆಗಳಿರುವ ಹಳೆಯ ಬಗೆಯದೇ ಇರಲಿ. ಸಾಮಾನ್ಯ ವರ್ನಿಯರ್‌ನಲ್ಲಿ ಮುಖ್ಯ ಮಾಪಕದ 49 ಮಿ.ಮೀ. ಉದ್ದವನ್ನು ಜಾರುವ ಮಾಪಕದಲ್ಲಿ 50 ಭಾಗ ಮಾಡಿರುತ್ತಾರೆ. ಹಾಗಾಗಿ ಅದರ ಒಂದೊಂದು ಭಾಗವೂ 0.98 ಮಿ.ಮೀ. ಆಗುತ್ತದೆ, ಎರಡೂ ಮಾಪಕಗಳ ನಡುವಿನ 0.02 ಮಿ.ಮೀ. ವ್ಯತ್ಯಾಸವೇ ಅದು ತೋರಬಲ್ಲ ಅತಿ ಸಣ್ಣ ಅಳತೆ. ಮುಖ್ಯ ಮಾಪಕದಲ್ಲಿ 24 ದಾಟಿದೆ, ಜಾರುವ ಮಾಪಕದ 37ನೆಯ ಗೆರೆ ಕೂಡಿಕೊಂಡಿದೆ ಎಂದರೆ 24 ಕೂಡಿಸು 37 ಸಲ 0.02, ಅಂದರೆ 24.74 ಮಿ.ಮೀ. ಈ ಲೆಕ್ಕ ಮನಸ್ಸಿಗೆ ಇಳಿಯಬೇಕು, ಬಾಯಿಪಾಠವಾದರೆ ಸಾಲದು. ಇನ್ನೂ ಸಣ್ಣ ಅಳತೆಗೆ ಬಳಸುವ ಮೈಕ್ರೋಮೀಟರ್ ಆಮೇಲೆ. ಅದರ ತಿರುಪು ಒಂದು ಸುತ್ತಿಗೆ 0.5 ಮಿ.ಮೀ. ಮುಂದೆ ಹೋಗುತ್ತದೆ, ಸುತ್ತಿನ ಮೇಲೆ 50 ಗೆರೆ, ಹಾಗಾಗಿ ಒಂದು ಗೆರೆಗೆ 0.01 ಮಿ.ಮೀ.

ಕೂದಲೆಳೆಯಷ್ಟು ವ್ಯತ್ಯಾಸ ಎಂದು ನಾವು ಸುಮ್ಮನೆ ಹೇಳುತ್ತೇವೆ. ಅವರ ತಲೆಯಿಂದಲೇ ಒಂದು ಕೂದಲನ್ನು ಮೈಕ್ರೋಮೀಟರ್‌ನಲ್ಲಿ ಅಳೆಯಲು ಹೇಳಿ. ಹೆಚ್ಚಾಗಿ 0.05ರಿಂದ 0.10 ಮಿ.ಮೀ. ನಡುವೆ ಬರುತ್ತದೆ. ಮಷಿನ್ ಶಾಪಿನಲ್ಲಿ ಇಡೀ ಕೂದಲೆಳೆ ಎನ್ನುವುದು ಎಷ್ಟೋ ಸಲ ದೊಡ್ಡ ತಪ್ಪು. ಆ ಗಳಿಗೆಯಲ್ಲಿ ಅವರ ಮುಖ ನೋಡಬೇಕು!

ಇನ್ನೊಂದು ಅಭ್ಯಾಸ. ಒಂದೇ ತುಂಡನ್ನು ಐದು ಜನ ಅಳೆಯಲಿ, ಒಬ್ಬರದು ಇನ್ನೊಬ್ಬರಿಗೆ ಕಾಣದಂತೆ ಚೀಟಿಯಲ್ಲಿ ಬರೆಯಲಿ. ಚೀಟಿಗಳನ್ನು ಬಿಚ್ಚಿದಾಗ ಐದೂ ಒಂದೇ ಆಗಿರುವುದು ಅಪರೂಪ. ಯಾಕೆ? ಒಬ್ಬರು ಹೆಚ್ಚು ಒತ್ತಿದ್ದಾರೆ, ಒಬ್ಬರು ಓರೆಯಾಗಿ ಹಿಡಿದಿದ್ದಾರೆ, ಒಬ್ಬರು ಶೂನ್ಯದಲ್ಲಿದ್ದ ದೋಷವನ್ನು ಕಳೆದಿಲ್ಲ. ತುಂಡು ಯಂತ್ರದಿಂದ ಈಗಷ್ಟೇ ಬಿಸಿಯಾಗಿ ಇಳಿದಿದ್ದರೆ ಅದೂ ಒಂದು ಕಾರಣ. ಅಳತೆಗೆ ಅಂತಾರಾಷ್ಟ್ರೀಯವಾಗಿ ಒಪ್ಪಿದ ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್. 100 ಮಿ.ಮೀ. ಉದ್ದದ ಉಕ್ಕಿನ ತುಂಡು ಅದಕ್ಕಿಂತ 10 ಡಿಗ್ರಿ ಬಿಸಿಯಾಗಿದ್ದರೆ ಸುಮಾರು 0.01 ಮಿ.ಮೀ. ಉದ್ದವಾಗಿರುತ್ತದೆ. ಅಳತೆಯನ್ನು ನಂಬಬೇಕು, ಆದರೆ ಪರೀಕ್ಷಿಸಿ ನಂಬಬೇಕು ಎಂಬುದು ಆ ಐದು ಚೀಟಿಗಳಿಂದಲೇ ತಿಳಿದುಬಿಡುತ್ತದೆ.

ಈಗ ಟಾಲರೆನ್ಸ್, ಅಂದರೆ ಅಳತೆ ಎಷ್ಟು ಹೆಚ್ಚುಕಡಿಮೆಯಾದರೂ ನಡೆಯುತ್ತದೆ ಎಂಬ ಮಿತಿ. ಡ್ರಾಯಿಂಗ್‌ನಲ್ಲಿ ದಂಡದ ವ್ಯಾಸ 25 ± 0.05 ಎಂದಿದೆ. 24.95ರಿಂದ 25.05ರವರೆಗೆ ಸರಿ. 25.06 ಬಂದರೆ? "ಸ್ವಲ್ಪ ತಾನೇ" ಎನ್ನುವವರು ಯಾವಾಗಲೂ ಒಬ್ಬರಿರುತ್ತಾರೆ. ಬೈಯಬೇಡಿ, ಇದನ್ನು ಕೇಳಿ: 25.06 ಬಂದ ತುಂಡು, 24.94 ಬಂದ ತುಂಡು, ಎರಡೂ ಮಿತಿಯಿಂದ ಅಷ್ಟೇ ದೂರ. ಎರಡರಲ್ಲಿ ಯಾವುದನ್ನು ಉಳಿಸಿಕೊಳ್ಳಬಹುದು? ದಪ್ಪ ಇರುವುದನ್ನು ಇನ್ನಷ್ಟು ಕಡಿಯಬಹುದು. ತೆಳ್ಳಗಾದದ್ದಕ್ಕೆ ಲೋಹ ಅಂಟಿಸಲಾಗದು, ಅದು ಗುಜರಿ. ದಂಡದ ಬದಲು ರಂಧ್ರವಾದರೆ? ಉತ್ತರ ತಿರುಗುಮುರುಗು. ಇದನ್ನು ತಾವೇ ಕಂಡುಕೊಂಡವರು ಯಂತ್ರದ ಮುಂದೆ ನಿಂತಾಗ ಯಾವ ಕಡೆಯಿಂದ ಅಳತೆಯನ್ನು ಸಮೀಪಿಸಬೇಕು ಎಂದು ಯಾರೂ ಹೇಳಬೇಕಾಗಿಲ್ಲ.

ಇದರ ಜೊತೆಗೇ ಡ್ರಾಯಿಂಗ್ ಓದುವುದನ್ನು ಕಲಿಸಿ. ವ್ಯಾಸದ ಗುರುತು, ತ್ರಿಜ್ಯದ ಗುರುತು, ಮೇಲ್ಮೈಯ ನಯದ ಗುರುತು, ವಸ್ತುವಿನ ಬೇರೆ ಬೇರೆ ನೋಟಗಳನ್ನು ಹಾಳೆಯಲ್ಲಿ ಜೋಡಿಸುವ ಫಸ್ಟ್ ಆಂಗಲ್ ಮತ್ತು ಥರ್ಡ್ ಆಂಗಲ್ ಚಿತ್ರಣದ ವ್ಯತ್ಯಾಸ. ಎಂ10 × 1.5 ಎಂದರೆ 10 ಮಿ.ಮೀ. ವ್ಯಾಸದ, 1.5 ಮಿ.ಮೀ. ಪಿಚ್‌ನ (ಎಳೆಯಿಂದ ಎಳೆಗೆ ಇರುವ ದೂರ) ತಿರುಪು. ಅದು ಕೂರುವ ರಂಧ್ರದೊಳಗೆ ಎಳೆ ಕಡಿಯಲು ಟ್ಯಾಪ್ ಹಾಕುವ ಮುನ್ನ ಕೊರೆಯಬೇಕಾದದ್ದು ಹತ್ತರಿಂದ ಒಂದೂವರೆ ಕಳೆದು 8.5 ಮಿ.ಮೀ. ರಂಧ್ರ. ಗಣಿತಕ್ಕೆ ಹೆದರುವವರಿಗೂ ಇಂಥ ಲೆಕ್ಕ ಹೆದರಿಕೆ ಹುಟ್ಟಿಸುವುದಿಲ್ಲ, ಏಕೆಂದರೆ ಉತ್ತರ ಕೈಯಲ್ಲಿರುತ್ತದೆ. ಆಮೇಲೆ ಸುತ್ತುವೇಗದ ಸೂತ್ರ: ಕಡಿಯುವ ವೇಗವನ್ನು 1000ದಿಂದ ಗುಣಿಸಿ, ಪೈ ಮತ್ತು ವ್ಯಾಸದ ಗುಣಲಬ್ಧದಿಂದ ಭಾಗಿಸಿ. 25 ಮಿ.ಮೀ. ವ್ಯಾಸ, ನಿಮಿಷಕ್ಕೆ 100 ಮೀಟರ್ ವೇಗ ಎಂದರೆ ನಿಮಿಷಕ್ಕೆ ಸುಮಾರು 1273 ಸುತ್ತು. ಶಾಲೆಯಲ್ಲಿ ಗಣಿತದಲ್ಲಿ ಪದೇ ಪದೇ ಬಿದ್ದ ಒಬ್ಬ ಹುಡುಗ ಈ ಸೂತ್ರವನ್ನು ಒಂದು ಮಧ್ಯಾಹ್ನದಲ್ಲಿ ಕರಗತ ಮಾಡಿಕೊಂಡು ಮರುದಿನ ಪಕ್ಕದವನಿಗೆ ಹೇಳಿಕೊಡುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಲಿ: ದಿನಾಂಕ, ತುಂಡಿನ ಚಿತ್ರ, ಇರಬೇಕಾದ ಅಳತೆ, ಬಂದ ಅಳತೆ, ತಪ್ಪಾಗಿದ್ದರೆ ಕಾರಣ. ಈ ಅಳತೆ ಪುಸ್ತಕ ಮುಂದೆ ಎರಡು ಕಡೆ ಕೆಲಸಕ್ಕೆ ಬರುತ್ತದೆ.

ಹಂತ 5: ಸುರಕ್ಷತೆಯನ್ನು ಕೈಗೂ ಬಾಯಿಗೂ ಕಲಿಸಿ

ನಿಯಮಗಳ ಪಟ್ಟಿ ಗೋಡೆಯ ಮೇಲಿರುತ್ತದೆ, ಅದನ್ನು ಓದಿಸಿದ ಮಾತ್ರಕ್ಕೆ ಕೈ ಕಲಿಯುವುದಿಲ್ಲ. ಕಾರಣ ಹೇಳಿ, ಮಾಡಿಸಿ. ಕೈಗವಸು ಯಾವಾಗಲೂ ರಕ್ಷಣೆ ಎಂದು ಹೊಸಬರು ನಂಬಿರುತ್ತಾರೆ. ತಿರುಗುವ ಡ್ರಿಲ್ಲು, ಲೇತ್‌ಗಳ ಬಳಿ ಅದೇ ಅಪಾಯ, ಏಕೆಂದರೆ ಗವಸಿನ ತುದಿ ಸಿಕ್ಕಿಕೊಂಡರೆ ಇಡೀ ಕೈಯನ್ನು ಒಳಗೆಳೆಯುತ್ತದೆ. ಸಡಿಲ ತೋಳು, ಬಿಟ್ಟ ಕೂದಲು, ಉಂಗುರ, ಸರಗಳೂ ಹಾಗೆಯೇ. ತುಂಡನ್ನು ಬಿಗಿಹಿಡಿದು ತಿರುಗಿಸುವ ಚಕ್‌ನ ಕೀಲಿಯನ್ನು ಚಕ್‌ನಲ್ಲೇ ಬಿಟ್ಟು ಯಂತ್ರ ಚಾಲೂ ಮಾಡಿದರೆ ಅದು ಗುಂಡಿನಂತೆ ಹಾರುತ್ತದೆ, ಹಾಗಾಗಿ ಕೈ ಕೀಲಿಯನ್ನು ಬಿಡುವ ಮೊದಲು ಕೀಲಿ ಚಕ್‌ನಿಂದ ಹೊರಗಿರಬೇಕು. ಲೋಹದ ಸಿಬಿರನ್ನು ಕೈಯಿಂದ ತೆಗೆಯಬಾರದು, ಬ್ರಷ್ ಬೇಕು. ಒತ್ತಿದ ಗಾಳಿಯಿಂದ ಮೈಮೇಲಿನ ಧೂಳು ಕೊಡವಿಕೊಳ್ಳಬಾರದು, ಅದು ಚರ್ಮದೊಳಗೂ ಕಣ್ಣಿಗೂ ನುಗ್ಗಬಲ್ಲದು. ಯಂತ್ರ ರಿಪೇರಿಗೆ ನಿಂತಾಗ ವಿದ್ಯುತ್ತಿನ ಮೂಲಕ್ಕೆ ಬೀಗ ಹಾಕಿ, ಹೆಸರಿನ ಚೀಟಿ ಕಟ್ಟುವ ಲಾಕ್‌ಔಟ್ ಪದ್ಧತಿಯಲ್ಲಿ ಬೀಗ ಹಾಕಿದವರೇ ಅದನ್ನು ತೆಗೆಯಬೇಕು. ಬೇರೆಯವರ ಬೀಗ ಮುಟ್ಟುವುದೆಂದರೆ ಇನ್ನೊಬ್ಬರ ಜೀವವನ್ನು ಮುಟ್ಟುವುದು.

ಇಷ್ಟು ಕೈಗೆ. ಬಾಯಿಗೆ ಕಲಿಸುವುದು ಇನ್ನೂ ಕಷ್ಟ. "ಇದು ನನಗೆ ಗೊತ್ತಿಲ್ಲ, ತೋರಿಸ್ತೀರಾ?" "ಮಷಿನ್ ಮೇಲೆ ರಕ್ಷಣೆಯ ಗಾರ್ಡ್ ಇಲ್ಲ, ಹಾಕೋವರೆಗೂ ನಾನು ಚಾಲೂ ಮಾಡಲ್ಲ." ಇಂಥ ಎರಡು ವಾಕ್ಯಗಳನ್ನು ತನಗಿಂತ ಇಪ್ಪತ್ತು ವರ್ಷ ದೊಡ್ಡವರ ಮುಂದೆ ನಿಂತು ಹೇಳಲು ಎದೆಗಾರಿಕೆ ಬೇಕು. ನೀವು ಸಿಡುಕಿನ ಸೂಪರ್‌ವೈಸರ್ ಆಗಿ ನಟಿಸಿ, ಗದರಿಸಿ, ಅವಸರಪಡಿಸಿ. ಅವರು ಜೋರು ದನಿಯಿಲ್ಲದೆ, ತಲೆ ತಗ್ಗಿಸದೆ, ಹೇಳಬೇಕಾದ್ದನ್ನು ಹೇಳುವವರೆಗೆ ಮತ್ತೆ ಮತ್ತೆ ಮಾಡಿಸಿ. ಮೊದಲ ಸಲ ಎಲ್ಲರೂ ನಗುತ್ತಾರೆ. ಮೂರನೆಯ ಸಲಕ್ಕೆ ಕೋಣೆ ಗಂಭೀರವಾಗುತ್ತದೆ.

ಹಂತ 6: ಶಾಪ್‌ಫ್ಲೋರ್‌ನ ಮಾತು

ಪ್ರತಿ ಕಸುಬಿಗೂ ಒಂದು ಆಡುಮಾತು ಇರುತ್ತದೆ, ಅದು ತಿಳಿಯದವರು ಮೊದಲ ವಾರ ಮೂಕರಾಗುತ್ತಾರೆ. 5ಎಸ್ ಎಂಬುದು ಐದು ಜಪಾನಿ ಪದಗಳು: ಸೆಯಿರಿ ಎಂದರೆ ಬೇಡದ್ದನ್ನು ತೆಗೆ, ಸೆಯಿತೊನ್ ಎಂದರೆ ಬೇಕಾದ್ದಕ್ಕೆ ಜಾಗ ಗೊತ್ತುಮಾಡು, ಸೆಯಿಸೊ ಎಂದರೆ ಶುಚಿಮಾಡು, ಸೆಯಿಕೆತ್ಸು ಎಂದರೆ ಅದನ್ನೇ ಕ್ರಮವಾಗಿಸು, ಶಿತ್ಸುಕೆ ಎಂದರೆ ಅಭ್ಯಾಸವಾಗಿಸು. ಗುಡಿಸುವ ಕೆಲಸ ಎಂದು ಹುಡುಗರು ಅಂದುಕೊಳ್ಳುತ್ತಾರೆ. ಗುಡಿಸುವಾಗಲೇ ಎಣ್ಣೆ ಸೋರುವುದು, ಬೋಲ್ಟು ಸಡಿಲವಾಗಿರುವುದು ಕಾಣುತ್ತದೆ ಎಂದು ತೋರಿಸಿಕೊಡಿ.

ಮೂಲ ಕಾರಣ ಹುಡುಕುವ 'ಐದು ಸಲ ಯಾಕೆ' ಎಂಬುದನ್ನು ಟೊಯೋಟಾದ ತಾಯ್ಚಿ ಓನೊ ಕೊಟ್ಟ ಉದಾಹರಣೆಯಿಂದಲೇ ಕಲಿಸಿ. ಯಂತ್ರ ನಿಂತಿತು, ಯಾಕೆ? ಭಾರ ಹೆಚ್ಚಾಗಿ ಫ್ಯೂಸ್ ಹೋಯಿತು. ಭಾರ ಯಾಕೆ ಹೆಚ್ಚಾಯಿತು? ಬೇರಿಂಗ್‌ಗೆ ಎಣ್ಣೆ ಸಾಲಲಿಲ್ಲ. ಎಣ್ಣೆ ಯಾಕೆ ಸಾಲಲಿಲ್ಲ? ಪಂಪು ಸರಿಯಾಗಿ ಎತ್ತುತ್ತಿರಲಿಲ್ಲ. ಯಾಕೆ? ಪಂಪಿನ ದಂಡ ಸವೆದಿತ್ತು. ಯಾಕೆ ಸವೆಯಿತು? ಜಾಲರಿಯಿಲ್ಲದೆ ಲೋಹದ ಚೂರು ಒಳಹೋಗಿತ್ತು. ಮೊದಲ 'ಯಾಕೆ'ಗೇ ನಿಂತವರು ಫ್ಯೂಸ್ ಬದಲಿಸಿ ಸುಮ್ಮನಾಗುತ್ತಾರೆ, ಕೆಲವೇ ತಿಂಗಳಲ್ಲಿ ಅದು ಮತ್ತೆ ಹೋಗುತ್ತದೆ.

ಯಂತ್ರದ ಒಟ್ಟು ದಕ್ಷತೆಯನ್ನು ಹೇಳುವ ಒಇಇ ಎಂಬ ಮೂರಕ್ಷರವೂ ಗೋಡೆಯ ಬೋರ್ಡಿನಲ್ಲಿರುತ್ತದೆ. ಯಂತ್ರ ಓಡಬೇಕಾದ ಹೊತ್ತಿನಲ್ಲಿ ಎಷ್ಟು ಓಡಿತು, ಎಷ್ಟು ವೇಗದಲ್ಲಿ ಓಡಿತು, ಬಂದದ್ದರಲ್ಲಿ ಎಷ್ಟು ಸರಿಯಿತ್ತು, ಈ ಮೂರರ ಗುಣಲಬ್ಧ ಅದು. ಶೇ. 90, ಶೇ. 95, ಶೇ. 99 ಇದ್ದರೂ ಗುಣಿಸಿದಾಗ ಶೇ. 84.6ಕ್ಕೆ ಇಳಿಯುತ್ತದೆ.

ಹಂತ 7: ರೋಬೋ ಬಂದರೆ ನನ್ನ ಕೆಲಸ ಏನಾಗುತ್ತೆ?

ಈ ಪ್ರಶ್ನೆಯನ್ನು ಸಮಾಧಾನದ ಮಾತಿನಲ್ಲಿ ತೇಲಿಸಬೇಡಿ. ಮೊದಲ ಕೈಗಾರಿಕಾ ರೋಬೋ 'ಯೂನಿಮೇಟ್' 1961ರಲ್ಲಿ ನ್ಯೂಜೆರ್ಸಿಯ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ ಎರಕದ ಬಿಸಿ ತುಂಡುಗಳನ್ನು ಎತ್ತಿಡುವ ಕೆಲಸಕ್ಕೆ ನಿಂತಿತು. ಎತ್ತು, ಇಡು, ಮತ್ತೆ ಎತ್ತು ಎಂಬಂಥ ಕೆಲಸಗಳು ಅಂದಿನಿಂದಲೂ ಮನುಷ್ಯರ ಕೈಯಿಂದ ಜಾರುತ್ತಿವೆ, ಇನ್ನೂ ಜಾರುತ್ತವೆ. ಯಂತ್ರವನ್ನು ಸಿದ್ಧಮಾಡುವವರು, ಅದು ಯಾಕೆ ತಪ್ಪು ಮಾಡುತ್ತಿದೆ ಎಂದು ಪತ್ತೆಹಚ್ಚುವವರು, ಅದರ ಪ್ರೋಗ್ರಾಂ ತಿದ್ದುವವರು ಮಾತ್ರ ಹಾಗೆ ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ಗುಂಡಿ ಒತ್ತುವ ಕೆಲಸವನ್ನು ಬಾಗಿಲು ಎಂದು ತಿಳಿಯಲಿ, ಮನೆ ಎಂದಲ್ಲ ಎನ್ನಿ.

ಸಿಎನ್‌ಸಿ ಪರಿಚಯ ಒಂದಿಷ್ಟು ಇರಲಿ: ಪ್ರೋಗ್ರಾಂನ ಆದೇಶಗಳಲ್ಲಿ ಜಿ00 ಎಂದರೆ ಗಾಳಿಯಲ್ಲಿ ವೇಗದ ಚಲನೆ, ಜಿ01 ಎಂದರೆ ಕಡಿಯುತ್ತ ನೇರ ಚಲನೆ, ಎಂ03 ಸ್ಪಿಂಡಲ್ ಎಂಬ ಯಂತ್ರದ ಮುಖ್ಯ ದಂಡವನ್ನು ತಿರುಗಿಸುತ್ತದೆ, ಎಂ05 ನಿಲ್ಲಿಸುತ್ತದೆ, ಎಂ30 ಪ್ರೋಗ್ರಾಂ ಮುಗಿಸುತ್ತದೆ. ಹತ್ತು ಸಾಲಿನ ಪ್ರೋಗ್ರಾಂ ಕೊಟ್ಟು, ಉಪಕರಣ ಹೋಗುವ ದಾರಿಯನ್ನು ಚೌಕಳಿ ಹಾಳೆಯ ಮೇಲೆ ಪೆನ್ಸಿಲಿನಿಂದ ಎಳೆಯಲು ಹೇಳಿ. ಜಿ01 ಇರಬೇಕಾದಲ್ಲಿ ಜಿ00 ಬಿದ್ದರೆ ಏನಾದೀತು ಎಂದು ಕೇಳಿ ನೋಡಿ.

ಹಂತ 8: ಸಂದರ್ಶನಕ್ಕೆ ಸಾಕ್ಷಿ ಒಯ್ಯಲಿ

"ಶ್ರಮಜೀವಿ, ತಂಡದಲ್ಲಿ ದುಡಿಯಬಲ್ಲೆ" ಎಂದು ಎಲ್ಲರ ರೆಸ್ಯೂಮೆಯಲ್ಲೂ ಇರುತ್ತದೆ. ನಿಮ್ಮವರು ಅಳತೆ ಪುಸ್ತಕವನ್ನು ಮೇಜಿನ ಮೇಲಿಡಲಿ. ಇದು ಅದರ ಮೊದಲ ಉಪಯೋಗ. ರೆಸ್ಯೂಮೆ ಒಂದೇ ಪುಟ ಸಾಕು: ಯಾವ ಉಪಕರಣ ಬಳಸಬಲ್ಲೆ, ಯಾವ ಯಂತ್ರದ ಮೇಲೆ ಎಷ್ಟು ದಿನ ಕೈ ಆಡಿಸಿದ್ದೇನೆ, ಏನು ಮಾಡಿದ್ದೇನೆ. ಬಾರದ್ದನ್ನು ಬರುತ್ತದೆ ಎಂದು ಬರೆಯಿಸಬೇಡಿ. ಕೈಗೆ ಮೈಕ್ರೋಮೀಟರ್ ಕೊಟ್ಟರೆ ಒಂದು ನಿಮಿಷದಲ್ಲಿ ಬಣ್ಣ ಬಯಲಾಗುತ್ತದೆ.

ಒಂದು ಪ್ರಶ್ನೆಯನ್ನು ಚೆನ್ನಾಗಿ ತಾಲೀಮು ಮಾಡಿಸಿ: "ನೀನು ಮಾಡಿದ ತುಂಡು ಅಳತೆ ತಪ್ಪಿದೆ ಅಂತ ಗೊತ್ತಾದರೆ ಏನು ಮಾಡ್ತೀಯ?" ಯಂತ್ರ ನಿಲ್ಲಿಸುತ್ತೇನೆ, ಆ ತುಂಡನ್ನು ಗುರುತು ಹಾಕಿ ಬೇರೆ ಇಡುತ್ತೇನೆ, ಸೂಪರ್‌ವೈಸರ್‌ಗೆ ತಿಳಿಸುತ್ತೇನೆ, ಕೊನೆಯ ಸರಿಯಾದ ತುಂಡು ಸಿಗುವವರೆಗೆ ಹಿಂದಿನವನ್ನು ಅಳೆಯುತ್ತೇನೆ. ಈ ನಾಲ್ಕನೆಯ ಮಾತು ಬಂದರೆ ಎದುರಿಗಿರುವವರು ಮುಂದಕ್ಕೆ ಬಾಗುತ್ತಾರೆ.

ಅವರೂ ಕೇಳಬೇಕು. ಪಾಳಿ ಹೇಗೆ ಬದಲಾಗುತ್ತದೆ? ಓವರ್‌ಟೈಮ್ ಕಡ್ಡಾಯವೇ, ಅದರ ಲೆಕ್ಕ ಹೇಗೆ? ಕೆಲಸ ಖಾಯಂ ಆದದ್ದೋ, ಗುತ್ತಿಗೆಯದೋ? ಮೊದಲ ತಿಂಗಳು ನನಗೆ ಕಲಿಸುವವರು ಯಾರು? ಸುರಕ್ಷತಾ ಶೂ, ಕನ್ನಡಕ ಕಂಪನಿ ಕೊಡುತ್ತದೆಯೇ? ಈ ಪ್ರಶ್ನೆಗಳಿಗೆ ಸಿಡಿಮಿಡಿಗೊಳ್ಳುವ ಜಾಗಕ್ಕೆ ಕಳಿಸುವ ಮೊದಲು ನೀವೇ ಇನ್ನೊಮ್ಮೆ ಯೋಚಿಸಿ. ಕೆಲಸದ ಪತ್ರ ಬಂದಾಗ ಸಾಲು ಸಾಲು ಜೊತೆಗೆ ಕೂತು ಓದಿ.

ಹಂತ 9: ಮೊದಲ ತೊಂಬತ್ತು ದಿನ ಬೆನ್ನಿಗಿರಿ

ಕೆಲಸ ಸಿಕ್ಕಿದ ದಿನ ಫೋಟೊ ತೆಗೆದು ಕೈತೊಳೆದುಕೊಳ್ಳುವ ಮಾರ್ಗದರ್ಶನ ಅರ್ಧಂಬರ್ಧ. ನಾಲ್ಕನೆಯ ಹೆಜ್ಜೆ ಶುರುವಾಗುವುದೇ ಆಗ.

ದೇಹ ಮೊದಲು ಮಾತಾಡುತ್ತದೆ. ಪಾದ, ಮಂಡಿ, ಸೊಂಟ ಎರಡು ಮೂರು ವಾರ ನೋಯುತ್ತವೆ. ಹೊಸ ಸುರಕ್ಷತಾ ಶೂವನ್ನು ಕೆಲಸಕ್ಕೆ ಸೇರುವ ಹತ್ತು ದಿನ ಮೊದಲೇ ಮನೆಯಲ್ಲಿ ಹಾಕಿಕೊಂಡು ಓಡಾಡಲಿ. ರಾತ್ರಿಪಾಳಿಯ ವಾರಕ್ಕೆ ಮುನ್ನ ಮನೆಯವರ ಜೊತೆಗೂ ಮಾತಾಡಿ, ಹಗಲು ಮಲಗಿದವರನ್ನು ಎಬ್ಬಿಸಬಾರದು ಎಂದು ಅವರಿಗೆ ತಿಳಿಯಬೇಕು. ಕತ್ತಲೆಯ ಕೋಣೆ, ದೂರವಿಟ್ಟ ಫೋನ್, ಪಾಳಿಯ ಕೊನೆಯ ಗಂಟೆಗಳಲ್ಲಿ ಕಾಫಿ ಚಹಾ ಇಲ್ಲ. ಬೆಳಗಿನಿಂದ ಸಂಜೆಗೆ, ಸಂಜೆಯಿಂದ ರಾತ್ರಿಗೆ ಸರಿಯುವ ಪಾಳಿ ಅದರ ಉಲ್ಟಾ ಕ್ರಮಕ್ಕಿಂತ ದೇಹಕ್ಕೆ ಹಗುರ. ನಿದ್ದೆಗಣ್ಣಿನಲ್ಲಿ ಗಾಡಿ ಓಡಿಸಿಕೊಂಡು ಮನೆಗೆ ಹೋಗುವುದು ಯಂತ್ರಕ್ಕಿಂತ ಅಪಾಯ, ಇದನ್ನು ಸ್ಪಷ್ಟವಾಗಿ ಹೇಳಿ.

ಮೂರನೆಯ ದಿನ, ಮೂರನೆಯ ವಾರ, ಮೂರನೆಯ ತಿಂಗಳು ತಪ್ಪದೆ ಫೋನ್ ಮಾಡಿ. ಮೂರನೆಯ ದಿನ ಹೆದರಿಕೆ ಇರುತ್ತದೆ. ಮೂರನೆಯ ವಾರ ದಣಿವು. ಮೂರನೆಯ ತಿಂಗಳು ಬೇಸರ, ಮತ್ತು ನನ್ನ ಅನುಭವದಲ್ಲಿ ಹೆಚ್ಚು ಜನ ಬಿಡುವುದು ಆಗಲೇ. "ಹೇಗಿದ್ದೀಯ" ಎಂದು ಕೇಳಿದರೆ "ಚೆನ್ನಾಗಿದ್ದೀನಿ" ಎಂದು ಮುಗಿಯುತ್ತದೆ. "ಇವತ್ತು ಯಾವ ತುಂಡು ಮಾಡಿದೆ? ಯಾವುದು ಕೈಕೊಟ್ಟಿತು? ಯಾರನ್ನು ಕೇಳಿದೆ?" ಎನ್ನಿ. ಹೊಸಬರ ಬಳಿ ಕೇಳಲು ಒಬ್ಬರೂ ಇಲ್ಲ ಎಂದು ಗೊತ್ತಾದರೆ ಅವರ ಒಪ್ಪಿಗೆ ಪಡೆದು ಸೂಪರ್‌ವೈಸರ್ ಜೊತೆ ಮಾತಾಡಿ, ಪಕ್ಕದ ಯಂತ್ರದ ಅನುಭವಿಯೊಬ್ಬರನ್ನು ಜೊತೆಗೆ ಹಾಕಿಸಿ.

ಬಿಡುತ್ತೇನೆ ಎಂದಾಗ ಕೂಡಲೇ ತಡೆಯಬೇಡಿ, ಕಾರಣವನ್ನು ಬಿಡಿಸಿ ನೋಡಿ. ಅಪಾಯ, ಅವಮಾನ, ಕಿರುಕುಳ, ಸಂಬಳದಲ್ಲಿ ಮೋಸ ಇದ್ದರೆ ಬಿಡಿಸಿ, ಬೇರೆ ಜಾಗ ಹುಡುಕಿಕೊಡುವುದು ನಿಮ್ಮ ಜವಾಬ್ದಾರಿ. ಬೇಸರವಾದರೆ ಮುಂದಿನ ಮೆಟ್ಟಿಲು ತೋರಿಸಿ. ಇಲ್ಲಿ ಅಳತೆ ಪುಸ್ತಕದ ಎರಡನೆಯ ಉಪಯೋಗ. ಅದನ್ನು ಮುಂದಿಟ್ಟುಕೊಂಡು ಮೊದಲ ಪುಟ ಮತ್ತು ಇವತ್ತಿನ ಪುಟ ನೋಡಲಿ. ಮೊದಲ ಪುಟದಲ್ಲಿ 0.2 ಮಿ.ಮೀ. ತಪ್ಪುತ್ತಿದ್ದ ಕೈ ಈಗ 0.02ರೊಳಗೆ ನಿಂತಿರುತ್ತದೆ. ಇನ್ನು ಯಂತ್ರವನ್ನು ಸಿದ್ಧಮಾಡುವ ಸೆಟ್ಟಿಂಗ್ ಕಲಿಯಲು ಕೇಳಬಹುದೇ, ಗುಣಮಟ್ಟದ ವಿಭಾಗಕ್ಕೆ ಹೋಗಬಹುದೇ, ನಿರ್ವಹಣೆಯವರ ಜೊತೆ ವಾರಕ್ಕೊಂದು ಗಂಟೆ ನಿಲ್ಲಬಹುದೇ ಎಂದು ಒಟ್ಟಿಗೆ ಲೆಕ್ಕ ಹಾಕಿ.

ವರ್ಷ ತುಂಬಿದವರನ್ನು ನಿಮ್ಮ ಮುಂದಿನ ತಂಡಕ್ಕೆ ಒಂದು ಗಂಟೆ ಕರೆಯಿರಿ. ಭಾಷಣ ಬೇಡ, ವರ್ನಿಯರ್ ಹಿಡಿಯುವುದನ್ನು ಹೊಸಬರಿಗೆ ಅವರೇ ತೋರಿಸಲಿ. ಬರುವಾಗ ಹಳೆಯ ಅಳತೆ ಪುಸ್ತಕವನ್ನೂ ತರಲು ಹೇಳಿ, ಮೊದಲ ಪುಟದ ಕಾಟುಗಳನ್ನು ಹೊಸಬರು ಬೆರಳಿಟ್ಟು ನೋಡಲಿ.